ನೆರಿಗೆ ಎಣಿಸಿದ್ದು

ಹಬೆಯ ತಟ್ಟೆಗೆ ತೂತು ಹೊಡೆಯುವುದು ನನ್ನ ಕಸುಬು.
ಮಂಡಿಪೇಟೆಯ ಓಣಿಯಲ್ಲಿ ಮೂವತ್ತೊಂದು ವರ್ಷ.
ಇಡ್ಲಿಯ ಅಟ್ಟ, ಕಡುಬಿನ ಬಟ್ಟಲು, ಶಾವಿಗೆಯ ಅಚ್ಚು,
ಛತ್ರದ ದೊಡ್ಡ ಹಂಡೆ.
ಈ ಊರಿನ ಅರ್ಧ ಬೆಳಗು
ನನ್ನ ಉಳಿಯ ಕಣ್ಣಿಂದ ಉಗಿಯಾಗಿ ಏಳುತ್ತದೆ
ಎಂದು ಒಮ್ಮೆ ಅಂದಿದ್ದಕ್ಕೆ ಪುಟ್ಟಗೌರಿ,
"ಅಂಗಡಿ ಬಾಡಿಗೆ ಕಟ್ಟಿದ್ರಾ?" ಅಂದಳು.

ಆಷಾಢ. ಮದುವೆಯಿಲ್ಲ, ಹಂಡೆಯಿಲ್ಲ.
ಆಗ ಬಂದಳು, ತಳ ಸುಟ್ಟ ಮೂರಂತಸ್ತಿನ ಪಾತ್ರೆ ಹೊತ್ತು
ಕಾಲೇಜಿನ ಗೇಟಿನೆದುರಿನ ಮೋಮೋ ಗಾಡಿಯವಳು.
ಹೆಸರೇನಮ್ಮ?
"ಡಿಕ್ಕಿ."
ಯಾವ ಲಾರಿಗೆ? ಅಂದು ನಾನೇ ನಕ್ಕೆ.
ನನ್ನ ನಗು ಮುಗಿಯುವ ತನಕ ಕಾದಳು,
ಬಸ್ಸಿಗೆ ಕಾದಂತೆ.
ಅವರ ಕಡೆ ಅದಕ್ಕೆ ಸುಖ ಎಂದು ಅರ್ಥವಂತೆ.

"ಹುಡುಗರು ಡಿಮ್ ಸಮ್ ಕೇಳ್ತಾರೆ ಅಣ್ಣ.
ನಾನು ತಿಂದೇ ಇಲ್ಲ. ತಿನ್ನದೆ ಹೆಂಗೆ ಮಾಡ್ಲಿ?"
ನನಗೆ ಡಿಂಡಿಮ ಗೊತ್ತು, ದಮ್ ಬಿರಿಯಾನಿ ಗೊತ್ತು.
ಆದರೂ ಮಾತು ನಾಟಿತು.

ತುಮಕೂರೂ ಈಗ ಸಣ್ಣದಲ್ಲ,
ಟೌನ್‌ಹಾಲಿನ ಕೆಂಪು ದೀಪ ತೊಂಬತ್ತು ಎಣಿಸುತ್ತದೆ.
ಭಾನುವಾರ ನನ್ನ ಟಿವಿಎಸ್ಸು, ಬೆನ್ನಿಗೆ ಪುಟ್ಟಗೌರಿ,
ಅದರ ಬೆನ್ನಿಗೆ ಎರವಲು ಸ್ಕೂಟರಿನಲ್ಲಿ ಡಿಕ್ಕಿ.

ಬಿ.ಎಚ್. ರಸ್ತೆಯಲ್ಲಿ ಕಾಗದದ ದೀಪಗಳ ಹೋಟೆಲು.
ಬಂದದ್ದು ಕಂಬಳಿ ಹೊದ್ದ ಕೋಸು.
ಒಳಗೆಲ್ಲೋ ಟಿಂಗ್ ಅಂದಿತು.
ಹಬೆಗೆ ಬುಸ್ ಗೊತ್ತು, ಕೊತಕೊತ ಗೊತ್ತು,
ಟಿಂಗ್ ಎನ್ನುವ ನಾಲಿಗೆ ಇಲ್ಲ. ಎದ್ದೆವು.

ಅಶೋಕ ರಸ್ತೆ, ಮಹಡಿ ಮೇಲೆ. ಇನ್ನೂರ ನಲವತ್ತಕ್ಕೆ ನಾಲ್ಕು.
ಪುಟ್ಟಗೌರಿ ಅಗಿಯುತ್ತಾ ಭಾಗಿಸಿದಳು, ನುಂಗಲಾಗಲಿಲ್ಲ.

ಸೋಮೇಶ್ವರಪುರದ ಬೇಕರಿ ಹುಡುಗ ಸತ್ಯವಂತ:
"ಅದೂ ಮೋಮೋನೇ ಸಾರ್, ಬೋರ್ಡ್ ಬೇರೆ ಅಷ್ಟೇ."

ಬಟವಾಡಿಯಲ್ಲಿ ಒಂದಿತ್ತಂತೆ, ನಿಜವಾದದ್ದು.
ಇಳಿದ ಶಟರು, ಅದಕ್ಕೊರಗಿದ ನಾಯಿ.
ಅಡುಗೆಯವನು ವಸಂತನರಸಾಪುರದ ಫ್ಯಾಕ್ಟರಿ ಕ್ಯಾಂಟೀನು ಸೇರಿ
ಈಗ ಚಿತ್ರಾನ್ನ ಕಲಸುತ್ತಾನೆ,
ಚೆನ್ನಾಗಿಯೇ ಕಲಸುತ್ತಾನೆ ಅಂದ ಪಕ್ಕದ ಪಂಕ್ಚರಿನವನು.

ಸಂಜೆ ಅಮಾನಿಕೆರೆ ಏರಿಯ ಮೇಲೆ ಕೂತೆವು, ಹಸಿದು.
ಕಲ್ಕತ್ತೆಯ ಚೀನೀ ಅಡುಗೆಮನೆಯಲ್ಲಿ ಪಾತ್ರೆ ತೊಳೆದಿದ್ದ
ಚಿಕ್ಕಮ್ಮನ ಮಾತು ತೆಗೆದಳು ಡಿಕ್ಕಿ:
"ಒಳಗಿರೋದು ಕಾಣಬೇಕಂತೆ, ಹೊರಗೆ ಬರಬಾರದಂತೆ."
"ಹಂಗಂದ್ರೆ ವಾಯಿಲ್ ಸೀರೆ," ಅಂದಳು ಪುಟ್ಟಗೌರಿ,
ಅಲ್ಲೇ ಸೆರಗಿನ ತುದಿ ಹಿಡಿದು
ಹೆಬ್ಬೆರಳು ತೋರುಬೆರಳ ನಡುವೆ
ನೆರಿಗೆ ತೆಗೆದು ತೋರಿಸಿದಳು,
ಒಂದರ ಮೇಲೊಂದು, ಒಂದರ ಮೇಲೊಂದು.
ಹಿಟ್ಟಿಲ್ಲದ ಬೆರಳಲ್ಲಿ ಡಿಕ್ಕಿಯೂ ಮಡಿಸಿದಳು,
ಗಾಳಿಯನ್ನು.

ಸೋಮವಾರ ತಗಡು ಕತ್ತರಿಸಿದೆ.
ಎಳ್ಳು ಗಾತ್ರದ ತೂತು. ಅಂಚಿಗೆ ಬೇಡ, ನಡುವೆ ಒತ್ತಾಗಿ.
ಹಬೆ ಸವರಬೇಕು, ಗುದ್ದಬಾರದು.
ಇನ್ನೂರ ಹನ್ನೆರಡು ಹೊಡೆದೆ,
ಎರಡು ಹೆಚ್ಚಾಯಿತು ಅನ್ನಿಸಿ ಮುಚ್ಚಿದೆ.

ಶುಕ್ರವಾರ ಗಾಡಿಯ ಮುಂದೆ ಮುಕ್ಕಾಲಿ ಹಾಕಿ ಕೂರಿಸಿದಳು.
ಮೊದಲನೆಯದು ಹರಿಯಿತು.
ಎರಡನೆಯದು ತಟ್ಟೆಗೆ ಅಂಟಿತು. ತಪ್ಪು ನನ್ನದು.
ಮೂರನೆಯದು
ಚಿಮಣಿ ಗಾಜಿನ ಹಾಗೆ. ಒಳಗೆ ಮಸುಕು ಹಸಿರು.
ಕನ್ನಡಕ ಏರಿಸಿ ನೆರಿಗೆ ಎಣಿಸಿದೆ: ಹನ್ನೊಂದು.
ಪುಟ್ಟಗೌರಿಯದು ಏಳೇ.
ನಾಲಿಗೆಗೆ ತಾಗಿತೋ ಇಲ್ಲವೋ, ಕರಗಿ
ಗಂಟಲಲ್ಲಿ ಶುಂಠಿ ಎದ್ದು ನಿಂತಿತು.

"ಪರವಾಗಿಲ್ಲ," ಅಂದೆ.
ಡಿಕ್ಕಿಯ ಮುಖ ಸಪ್ಪಗಾಯಿತು.
"ಅಯ್ಯೋ, ನನ್ನನ್ನ ನೋಡೋಕೆ ಬಂದಾಗಲೂ
ಇವರು ಅಂದಿದ್ದು ಇಷ್ಟೇ," ಎಂದು ಪುಟ್ಟಗೌರಿ
ನನ್ನ ತಟ್ಟೆಯಿಂದ ನಾಲ್ಕನೆಯದನ್ನು ಎತ್ತಿಕೊಂಡಳು.

ಅದು ಡಿಮ್ ಸಮ್ ಹೌದೋ ಅಲ್ಲವೋ
ಮೂವರಿಗೂ ಗೊತ್ತಿಲ್ಲ.
ನಾಳೆ ಬೋರ್ಡು ಬರೆಯುವ ಫಯಾಜ್ ಬರುತ್ತಾನೆ,
ಸೊನ್ನೆ ಹಾಕಲೋ, ಮ್ ಎಳೆಯಲೋ ಕೇಳಿಕೊಂಡು.
ಸೊನ್ನೆಯೇ ಇರಲಿ ಅಂತ ನಾನು.
ತೂತಿನ ಹಾಗೆ ಕಾಣುತ್ತದೆ.