ಬೇರೆ ಮಾತುಗಳಿದ್ದರೆ ಬರೆಯಿರಿ

ಬಫಲೋ ನಗರದ ಪೂರ್ವಕ್ಕೆ, ರೈಲುಹಳಿಯ ಆಚೆ,
ನನ್ನ ಹನ್ನೊಂದು ಮನೆಗಳಲ್ಲಿ ಇದು ಕೊನೆಯದು.
ಮೇಲೊಂದು ಸಂಸಾರ, ಕೆಳಗೊಂದು ಸಂಸಾರ,
ಇಬ್ಬರಿಗೂ ಸೇರಿ ಒಂದೇ ಮುದಿ ಬಾಯ್ಲರು.
ತೊಂಬತ್ತೆಂಟರಲ್ಲಿ ಹರಾಜಿಗೆ ಬಂದಾಗ
ಕೈ ಎತ್ತಿದವಳು ನಾನೊಬ್ಬಳೇ.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು,
ಅದನ್ನೂ ಸವಾಲೆಂದು ತಿಳಿದು
ಐನೂರು ಡಾಲರು ಏರಿಸಿಬಿಟ್ಟೆ.

ಲೆಕ್ಕ ನನಗೆ ಬಾಯಿಪಾಠ.
ನೂರು ಬಾಡಿಗೆ ಬಂದರೆ ಐವತ್ತನ್ನು ಮನೆಯೇ ತಿನ್ನುತ್ತದೆ:
ತೆರಿಗೆ, ವಿಮೆ, ಚಾವಣಿ,
ಜನವರಿಯಲ್ಲಿ ಒಡೆಯಲೆಂದೇ ಹುಟ್ಟಿದ ಪೈಪು,
ಖಾಲಿ ಬಿದ್ದ ತಿಂಗಳು.
ಉಳಿದದ್ದರಲ್ಲಿ ಮೊದಲ ತುತ್ತು ಬ್ಯಾಂಕಿಗೆ.
ಆಮೇಲೆ ನಾನು, ತಟ್ಟೆ ಬಳಿಯುವವಳು.

‘ಚಾವಣಿ ನೋಡು ಡೊಲೋರೆಸ್, ತಳಪಾಯ ನೋಡು,
ನಡುವಿನದೆಲ್ಲ ಬರೀ ಬಣ್ಣ’
ಅನ್ನುತ್ತಿದ್ದ ನನ್ನ ಗಂಡ ಕ್ಯಾಸಿಮಿರ್.
ನಡುವಿನದನ್ನು ನೋಡದೆ ಹತ್ತು ಮನೆ ಕೊಂಡೆ,
ನೋಡದೆಯೇ ಹತ್ತು ಮಾರಿದೆ.
ಒಂದರಲ್ಲಿ ಐದು ತಿಂಗಳ ಬಾಡಿಗೆ ನಿಂತಿತ್ತು;
ಕೋರ್ಟಿನ ಚೀಟಿ ಅಂಟಿಸಲು ಹೋದೆ.
ಬಾಗಿಲ ತುಂಬ ಮಗು ಬರೆದ ಒಂದು ದೊಡ್ಡ ಮೀನು.
ಮೀನಿನ ಬಾಲದ ಹತ್ತಿರ ಜಾಗ ಸಿಕ್ಕಿತು.
ಇದನ್ನು ಯಾರೂ ಕೇಳಿಲ್ಲ,
ನಾನೇ ಹೇಳುತ್ತಿದ್ದೇನೆ.

ಈಗ ಅರಿಝೋನದ ಹುಡುಗನೊಬ್ಬ
ಮನೆ ನೋಡದೆ, ಊರು ನೋಡದೆ, ಫೋನಿನಲ್ಲೇ ಕೊಳ್ಳುತ್ತಿದ್ದಾನೆ.
‘ಯುನಿಟ್ ಒಂದು’ ಅನ್ನುತ್ತಾನೆ, ‘ಯುನಿಟ್ ಎರಡು’ ಅನ್ನುತ್ತಾನೆ.
ನಾನೂ ಹಾಗೇ ಅನ್ನುತ್ತಿದ್ದೆ,
ಹೆಸರು ಹಿಡಿದರೆ ಕೂಡಿಸಿದ್ದು ತಪ್ಪುತ್ತಿತ್ತು.

ಅವನ ವಕೀಲ ಬಾಡಿಗೆಯವರಿಗೆ ಒಂದು ಫಾರಂ ಕಳಿಸಿದ.
ಬಾಡಿಗೆ ಎಷ್ಟು, ಮುಂಗಡ ಎಷ್ಟು, ಎಂದಿನಿಂದ ಇದ್ದೀರಿ.
ಕೊನೆಯಲ್ಲೊಂದು ಚೌಕ:
ಮಾಲೀಕರು ಬಾಯಿಮಾತಿನಲ್ಲಿ ಒಪ್ಪಿಕೊಂಡ
ಬೇರೆ ಮಾತುಗಳಿದ್ದರೆ ಬರೆಯಿರಿ.
ಎಲ್ಲರೂ ಅಲ್ಲಿ ‘ಇಲ್ಲ’ ಎಂದು ಬರೆಯುತ್ತಾರೆ.
ಕೆಳಗಿನ ಮನೆಯ ನಾವ್ ಎಹ್ ಮೂ,
ಬರ್ಮಾ ಗಡಿಯ ಶಿಬಿರದಿಂದ ಬಂದವಳು,
ಮಗಳ ಕೈಲಿ ಬರೆಸಿದಳು: ‘ಇಲ್ಲ, ಥ್ಯಾಂಕ್ಸ್.’

ಮೇಲಿನ ಮನೆಯ ಆಂಬ್ರೋಸ್ ಟಿಲ್ಲರಿ,
ಸಿಟಿ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವರು,
ಚೌಕ ಸಾಲದೆ ಹಾಳೆಯ ಬೆನ್ನಿಗೂ ಬರೆದಿದ್ದರು.

ಹಿಂದಿನ ಮೆಟ್ಟಿಲಲ್ಲಿ ಮೂರನೆಯದನ್ನು ರಿಪೇರಿ ಮಾಡಿಸುತ್ತೇನೆ ಅಂದರು.
ನಾನೇ ಮಾಡಿದೆ. ಸರಿ ಅಂದರು.
ಲೂಸಿಲ್ ಗುಣವಾಗುವ ತನಕ
ಬಾಡಿಗೆ ಏರಿಸುವುದಿಲ್ಲ ಅಂದರು.
ಲೂಸಿಲ್ ಗುಣವಾಗಲಿಲ್ಲ.
ಬಾಡಿಗೆ ಏರಲಿಲ್ಲ.
ಇದರ ಬಗ್ಗೆ ಮತ್ತೆ ನಾವು ಮಾತಾಡಿಲ್ಲ.
ಮಾರುವುದಾದರೆ ಮೊದಲು ನನಗೆ ಹೇಳುತ್ತೇನೆ ಅಂದಿದ್ದರು.

ಅಲ್ಲಿಗೆ ಮುಗಿದಿತ್ತು. ಕೆಳಗೆ ಸಹಿ,
ನಟ್ಟು ಬಿಗಿದಂಥ ಅಕ್ಷರ.

ವಕೀಲನ ಫೋನು ಬಂತು:
‘ಇದೆಲ್ಲ ಕರಾರೋ, ಮುದುಕರ ಮಾತೋ?
ಕರಾರಾದರೆ ಬೆಲೆ ಹದಿನಾಲ್ಕು ಸಾವಿರ ಇಳಿಯುತ್ತದೆ.’
ಮನೆ ಕಟ್ಟಿ ನೋಡು ಅನ್ನುತ್ತಾರೆ ಜನ.
ಕಟ್ಟಿದವರು ಎಂದೋ ಸತ್ತಿದ್ದಾರೆ,
ನೀನು ಮಾರಿ ನೋಡು.

ಸಂಜೆ ಹಿಂದಿನ ಮೆಟ್ಟಿಲು ಹತ್ತಿದೆ.
ಒಂದನೆಯದು ಕಿರುಗುಟ್ಟಿತು, ಎರಡನೆಯದೂ.
ಮೂರನೆಯದು ಸುಮ್ಮನೆ ನನ್ನನ್ನು ಹೊತ್ತುಕೊಂಡಿತು.

ಹಾಳೆಯ ಬೆನ್ನಿಗೆ ‘ನಿಜ’ ಎಂದು ಬರೆದೆ.
ಔದಾರ್ಯ ಅನ್ನಬೇಡಿ.
ಇಪ್ಪತ್ತೇಳು ವರ್ಷದಲ್ಲಿ ಆ ಮನೆ ಕೊಟ್ಟದ್ದು
ಹದಿನಾಲ್ಕು ಸಾವಿರಕ್ಕಿಂತ ಬಹಳ ಹೆಚ್ಚು,
ಮತ್ತೆ ವಕೀಲ ಕೊನೆಗೆ ಒಪ್ಪಿದ್ದು
ಒಂದೇ ವರ್ಷಕ್ಕೆ.

ಆಂಬ್ರೋಸ್ ಕಾಫಿ ಕೊಟ್ಟರು, ಬೈಯಲಿಲ್ಲ.
‘ಬಾಯ್ಲರು ನಿಂತರೆ ಯಾರಿಗೆ ಫೋನ್ ಮಾಡಲಿ?’
ಅರಿಝೋನದ ನಂಬರು ಬರೆದುಕೊಟ್ಟೆ.
ಕನ್ನಡಕ ಮೇಲೇರಿಸಿ ಒಂದೊಂದೇ ಅಂಕಿ ಓದಿದರು.
ಕಿಟಕಿಯಾಚೆ ಸರೋವರದ ಕಡೆಯಿಂದ ಹಿಮ ಶುರುವಾಗಿತ್ತು.

‘ಅಲ್ಲಿ ಈಗ
ಗಂಟೆ ಎಷ್ಟಿರಬಹುದು?’