ಎರಡು ಹಾರ್ನು

ತುಂಬಿದ ಕೊಡ ತುಳುಕುವುದಿಲ್ಲ, ಟ್ಯಾಂಕರೂ ಅಷ್ಟೇ.
ಸುಳ್ಯದ ಬಂಕಿನಲ್ಲಿ ಅರ್ಧ ಇಳಿಸಿ ಹೊರಟಿರೋ,
ಸಂಪಾಜೆ ಗೇಟು ದಾಟುವಷ್ಟರಲ್ಲಿ ಅದಕ್ಕೆ ಜೀವ ಬರುತ್ತದೆ.
ಬ್ರೇಕು ಒತ್ತಿ ಗಾಡಿ ನಿಂತ ಮೇಲೂ
ಒಳಗಿನ ಡೀಸೆಲ್ಲು ನಿಲ್ಲುವುದಿಲ್ಲ.
ಮುಂದೆ ಬಂದು ಬೆನ್ನಿಗೊಮ್ಮೆ ಗುದ್ದಿ
ಹಿಂದೆ ಹೋಗಿ, ಏನೋ ಮರೆತವರಂತೆ ಮತ್ತೆ ಬರುತ್ತದೆ.
ಇದನ್ನು ದಾಕ್ಷಾಯಣಿಗೆ ಹೇಳಿದೆ.
ಅವಳು ಬರೆದುಕೊಂಡಳು.

ಹುಬ್ಬಳ್ಳಿ ಕಡೆಯ ಹುಡುಗಿ. ಕಂಪನಿ ಕಳಿಸಿದ್ದು.
ಕ್ಲೀನರ್ ಸೀಟಿನಲ್ಲಿ ನಾಲ್ಕು ತಿಂಗಳು ಕೂತಳು,
ಮಡಿಲಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ ಶುಂಠಿ ಪೆಪ್ಪರಮಿಂಟು,
ತಿರುವು ಬಂದಾಗಲೆಲ್ಲ ಕಣ್ಣು ಮುಚ್ಚಿ.
ನನ್ನ ತಲೆಯ ಮೇಲೊಂದು ಕ್ಯಾಮೆರಾ, ಕಾಲ ಬಳಿ ಒಂದು,
ಸ್ಟೇರಿಂಗಿಗೊಂದು ವೈರು, ಆಸ್ಪತ್ರೆಯಲ್ಲಿ ಹಾಕುವ ಹಾಗೆ.
ಗೇರು ಯಾವಾಗ ಇಳಿಸಿದೆ, ಯಾಕೆ ಇಳಿಸಿದೆ,
ಮಂಜಿನಲ್ಲಿ ಎದುರಿನ ಬಸ್ಸು ಹೇಗೆ ಗೊತ್ತಾಯಿತು.
ಗೊತ್ತಾಯಿತು ಅಷ್ಟೇ ಮಗಾ, ಎಂದೆ.
"ಅಷ್ಟೇ ಅಂತ ಬರೀಲಿಕ್ಕೆ ಬರಂಗಿಲ್ಲರೀ ಕಾಕಾ."

ಯೋಚಿಸಿ ಹೇಳಿದೆ: ಜೋಡುಪಾಲದ ಆ ಕಡೆ
ತಗ್ಗಿನ ಮರಗಳ ಎಲೆ ಮೊದಲು ಹಳದಿಯಾಗುತ್ತದೆ,
ಹೆಡ್‌ಲೈಟು ಆಮೇಲೆ.
ಅವಳಿಗೆ ಖುಷಿಯಾಯಿತು. ನನಗೂ ಆಯಿತು, ಸುಳ್ಳು ಯಾಕೆ.
ಇಪ್ಪತ್ತೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನನ್ನ ಹೆಂಡತಿಯೂ.

ಒಂದನ್ನು ಮಾತ್ರ ಹೇಳಲಿಲ್ಲ.
ದೇವರಕೊಲ್ಲಿ ದಾಟಿ ಎರಡನೇ ತಿರುವು.
ಅಲ್ಲಿ ನಾನು ಎರಡು ಹಾರ್ನು ಹೊಡೆಯುತ್ತೇನೆ,
ಒಂದು ಗಿಡ್ಡ, ಒಂದು ಉದ್ದ.
ಎದುರು ಗಾಡಿ ಇರಲಿ ಬಿಡಲಿ, ನಡುರಾತ್ರಿಯೇ ಆಗಿರಲಿ.
"ಇಲ್ಲೇನೂ ಇಲ್ಲಲ್ಲರೀ ಕಾಕಾ?"
ಅಭ್ಯಾಸ, ಎಂದೆ.

ರಸ್ತೆಯಿಂದ ಮೇಲೆ, ಸಿಲ್ವರ್ ಮರಗಳ ಸಂದಿಯಲ್ಲಿ
ಮಮ್ಮದೆಯ ಮನೆ.
ನನ್ನ ಮೊದಲ ಕ್ಲೀನರು.
ಗಾಡಿ ಹಿಂದಕ್ಕೆ ಜಾರಿದ ಸಂಜೆ
ಚಕ್ರಕ್ಕೆ ಕಲ್ಲು ಕೊಡಲು ಹಾರಿದವನು.
ಕಲ್ಲು ನಿಂತಿತು, ಗಾಡಿ ನಿಂತಿತು,
ಬಲಗಾಲು ಮೊಣಕಾಲಿನವರೆಗೆ ಉಳಿಯಿತು.
ಹಾರ್ನು ಕೇಳಿದರೆ ಕಿಟಕಿಯಿಂದ ಟಾರ್ಚು ಬಿಡುತ್ತಾನೆ.
ಬಂದೆ ಅಂತ ನಾನು. ಸರಿ ಅಂತ ಅವನು.
ಹತ್ತೊಂಬತ್ತು ವರ್ಷದಿಂದ ನಮ್ಮ ಮಾತುಕತೆ ಇಷ್ಟು.
ಒಂದು ದಿನ ನಿಲ್ಲಿಸಿ ಚಾ ಕುಡಿದು ಹೋಗು
ಎಂದು ಹೇಳಿ ಕಳಿಸಿದ್ದ.
ಲೋಡಿದ್ದಾಗ ಘಾಟಿಯಲ್ಲಿ ನಿಲ್ಲಿಸುವ ಹಾಗಿಲ್ಲ.
ಲೋಡಿಲ್ಲದಾಗ, ಗೊತ್ತಲ್ಲ, ನಾಳೆ.

ಈಗ ನಾನು ಕೂಡ್ಲೂರಿನಲ್ಲಿದ್ದೇನೆ.
ಕ್ಯೂರಿಂಗ್ ವರ್ಕ್ಸಿನ ಪಕ್ಕದ ಶೆಡ್ಡು, ಎಸಿ ಇದೆ,
ಆದರೂ ಮೇಜಿನ ಮೇಲೆ ಕಾಫಿ ಹೊಟ್ಟಿನ ಧೂಳು.
ಕುರ್ಚಿಗೆ ಚಕ್ರ ಇದೆ, ಎಲ್ಲಿಗೂ ಹೋಗುವುದಿಲ್ಲ.
ಎದುರು ನಾಲ್ಕು ಪರದೆ, ನಾಲ್ಕು ಟ್ಯಾಂಕರು, ಡ್ರೈವರಿಲ್ಲ.
ಮೂವತ್ತೊಂದು ಜನ ಇದ್ದೆವು, ಐವರನ್ನು ಇಟ್ಟುಕೊಂಡರು.
ಬೋಪಯ್ಯ ಹೋಂಸ್ಟೇಯವರ ಜೀಪು ಓಡಿಸುತ್ತಾನೆ,
ಅಂತೋಣಿ ಸುಂಟಿಕೊಪ್ಪದಲ್ಲಿ ಮೀನು ಮಾರುತ್ತಾನೆ,
ಬರ್ಕತ್ ಫೋನು ಎತ್ತುವುದಿಲ್ಲ.
ನನಗೆ ಸಂಬಳ ಮುಕ್ಕಾಲು, ಬೆನ್ನುನೋವು ಪೂರ್ತಿ.
ಯಂತ್ರಕ್ಕೆ ತಿಳಿಯದ್ದು ಕಂಡರೆ
ಅದು ನಿಂತು ಕೇಳುತ್ತದೆ, ನಾನು ಒತ್ತಬೇಕು.
ಆನೆಯೇ? ಹೌದು. ಪ್ಲಾಸ್ಟಿಕ್ ಚೀಲವೇ? ಹೌದು.

ಮೊನ್ನೆ ರಾತ್ರಿ ಎರಡೂಕಾಲಿಗೆ
ಮೂರನೇ ಪರದೆಯ ಗಾಡಿ ದೇವರಕೊಲ್ಲಿ ದಾಟಿತು.
ಎರಡನೇ ತಿರುವಿನಲ್ಲಿ ಹಾರ್ನು ಹೊಡೆಯಿತು,
ಒಂದು ಗಿಡ್ಡ, ಒಂದು ಉದ್ದ.
ದಾಕ್ಷಾಯಣಿ ಅಳಿಸಿರಲಿಲ್ಲ.
ಮೇಲಿನಿಂದ ಟಾರ್ಚು ಬಿತ್ತು.

ಗಾಡಿ ನಿಂತಿತು.
ಪರದೆಯಲ್ಲಿ ಕೆಂಪು ಚೌಕ, ಅದರೊಳಗೆ ಮಮ್ಮದೆಯ ಕಿಟಕಿ.
ಅಪರಿಚಿತ ಬೆಳಕು. ಅಡ್ಡಿಯೇ? ಹೌದು. ಅಲ್ಲ.
ಒತ್ತಲು ನಲವತ್ತು ಸೆಕೆಂಡು ಕೊಡುತ್ತಾರೆ.
ಡೀಸೆಲ್ಲು ಮುಂದೆ ಬಂದಿರಬೇಕು,
ಬೆನ್ನು ಸಿಗದೆ ಬರೀ ತಗಡಿಗೆ ಗುದ್ದಿರಬೇಕು.
ಹಿಂದೆ ಮಂಗಳೂರು ಬಸ್ಸು ಬಂದು ದೀಪ ಮಿಟುಕಿಸಿತು.
ಇಪ್ಪತ್ತೆರಡು. ಇಪ್ಪತ್ತೊಂದು.
ಚೌಕದೊಳಗಿನ ಬೆಳಕು ಕಿಟಕಿ ಬಿಟ್ಟು ಬಾಗಿಲಿಗೆ ಬಂತು,
ಮೆಟ್ಟಿಲು ಒಂದೊಂದೇ ಇಳಿಯತೊಡಗಿತು,
ಒಂದು ಬದಿಗೆ ವಾಲಿ, ಊರುಗೋಲು ಊರಿದಷ್ಟು ಊರಿ,
ಕೊನೆಗೂ ನಿಲ್ಲಿಸಿದ ಅಂದುಕೊಂಡು.