ಫ್ಲಾಪಿಯ ಸರದಿ

ಗುತ್ತಲು ರಸ್ತೆಯ ನಮ್ಮ ನಡುಮನೆಯಲ್ಲಿ
ಹೊಲಿಗೆ ಮಿಷನ್ನಿನ ಪಕ್ಕ ಕೂತ ಈ ಕಂಪ್ಯೂಟರಿಗೆ
ದಿನವೂ ಎರಡು ಸಾವಿರದ ಒಂಬತ್ತು, ಜನವರಿ ಒಂದು.
ರಾತ್ರಿ ಕರೆಂಟು ಹೋದರೆ ಸಾಕು,
ಕಲಿಸಿದ್ದೆಲ್ಲ ಮರೆತು ಏಳುತ್ತದೆ.

ಎದ್ದದ್ದೇ ಹುಡುಕಾಟ,
ತಾನು ಯಾರು, ಎಲ್ಲಿ ಮಲಗಿದ್ದೆ ಅಂತ.
ಮೊದಲು ಫ್ಲಾಪಿಯನ್ನು ಕೇಳುತ್ತದೆ.
ಫ್ಲಾಪಿಯನ್ನು ಕಿತ್ತು ಗುಜರಿಗೆ ಹಾಕಿ ಹತ್ತು ವರ್ಷ,
ಆ ಬಾಯಿಗೆ ನಾನೇ ರಟ್ಟು ಅಂಟಿಸಿದ್ದೇನೆ.
ಆಮೇಲೆ ಪೆನ್‌ಡ್ರೈವು:
ಕೀಲಾರದವರ ಮದುವೆ ಕರೆಯೋಲೆ ಇರುವಂಥದ್ದು,
ಸುಖಾಗಮನ ಬಯಸುವವರಲ್ಲಿ ಚಿಕ್ಕಪ್ಪ ಮೇಲೋ, ಸೋದರಮಾವನೋ
ಎಂದು ಮೂರು ಸಲ ತಿದ್ದಿಸಿ ಇಲ್ಲೇ ಮರೆತು ಹೋದದ್ದು.
ಅದಕ್ಕೆ ಇದರ ಗುರುತಿಲ್ಲ.
ಆಮೇಲೆ ಸಿ.ಡಿ. ತಟ್ಟೆ, ಗರ್ರನೆ ಖಾಲಿ ತಿರುಗಿ ಸುಮ್ಮನಾಗುತ್ತದೆ.
ಆಮೇಲೆ ಊರಾಚೆಯ ತಂತಿ, ಚುಕ್ಕೆ, ಚುಕ್ಕೆ, ಚುಕ್ಕೆ.
ಕಟ್ಟಕಡೆಗೆ
ತನ್ನ ಹೊಟ್ಟೆಯೊಳಗೇ ಬೆಚ್ಚಗಿರುವ ಡಿಸ್ಕು.

ಡಿಲೀಟ್ ಕೀಲಿ ಕುಟ್ಟಬೇಕು, ಪಡಪಡ, ತಡವಾಗದಂತೆ.
ನೀಲಿ ಪರದೆ. ಮೌಸಿಗೆ ಅಲ್ಲಿ ಪ್ರವೇಶವಿಲ್ಲ.
ಪ್ಲಸ್ ಒತ್ತಿದಂತೆ ಡಿಸ್ಕು ಒಂದೊಂದೇ ಮೆಟ್ಟಿಲು ಹತ್ತುತ್ತದೆ,
ಸಂಕೋಚದ ನೆಂಟನನ್ನು ರಟ್ಟೆ ಹಿಡಿದು
ಮೊದಲ ಪಂಕ್ತಿಗೆ ಕೂರಿಸಿದ ಹಾಗೆ.
ಎಫ್ ಹತ್ತು. ಹೂಂ ಅನ್ನುವುದಕ್ಕೆ ವೈ.

ಅಷ್ಟರಲ್ಲಿ ಅಡುಗೆಮನೆಯಿಂದ ದೊಡ್ಡಮ್ಮ:
‘ಜವರೀ...’
ಅವಳ ತಂಗಿ. ನಾನು ಹುಟ್ಟುವ ಮೊದಲೇ ಹೋದವಳು.
‘ಕೆಂಪೀ...’
ಮಳವಳ್ಳಿಗೆ ಕೊಟ್ಟ ನಾದಿನಿ. ಮಾತು ಬಿಟ್ಟು ಯಾವ ಕಾಲವಾಯಿತೋ.
‘ಗೌರೀ...’
ಅದು ಎಮ್ಮೆ. ಮಾರಿದ್ದು ನನ್ನ ಎಸ್ಸೆಸ್ಸೆಲ್ಸಿ ವರ್ಷ.
‘ಥೂ, ಇವ್ಳೇ... ಹೇಮೀ! ಕಾಫಿ ಆರೋಯ್ತದೆ ಕಣೇ.’
ನಾಲ್ಕನೆಯ ಹೆಸರಿಗೆ ನಾನು ಏಳುತ್ತೇನೆ.
ಒಮ್ಮೆ ತಮಾಷೆಗೆ ಜವರಿಗೇ ‘ಹ್ಞಾಂ’ ಅಂದಿದ್ದೆ.
ಲೋಟ ಕೈಜಾರಿ ಬಿತ್ತು.

ಹೊಳಲು ಸರ್ಕಲ್ಲಿನ ಅಲ್ತಾಫ್ ಬಂದು ಮುಚ್ಚಳ ಬಿಚ್ಚಿ ನಕ್ಕ.
‘ಮೂವತ್ತು ರೂಪಾಯಿ ಶೆಲ್ಲು ಅಕ್ಕಾ.
ಇದಕ್ಕೆ ಮೂರು ವರ್ಷ ದಿನಾ ಪಾಠ ಹೇಳಿದ್ರಾ?’
ಎಂಟಾಣೆಯಷ್ಟು ಅಗಲ. ಹಳೆಯದನ್ನು ನಾನು
ಗುಂಡಿಗಳ ಡಬ್ಬಿಗೆ ಹಾಕಿಟ್ಟೆ, ಯಾಕೋ.
ಹೋಗುವ ಮುಂಚೆ ಫ್ಲಾಪಿಯ ಸಾಲನ್ನೂ ಅಳಿಸಿದ:
‘ಇಲ್ದೇ ಇರೋದನ್ನ ಯಾಕೆ ಕೇಳ್ಬೇಕು?’

ಅಂದಿನಿಂದ ಅದು ಯಾರನ್ನೂ ಕೇಳದೆ
ಎದ್ದು ನೆಟ್ಟಗೆ ಕೆಲಸಕ್ಕೆ ನಿಲ್ಲುತ್ತದೆ.
ತಾರೀಖೂ ಸರಿ.
ದಿನಕ್ಕೆ ಐದು ನಿಮಿಷ ಉಳಿಯಿತು,
ಪಿನ್ನು ಹಿಡಿದು ಕೀಬೋರ್ಡಿನ ಸಂದಿ ಕೆರೆಯುತ್ತ ಕೂತೆ.

ಫ್ಯಾಕ್ಟರಿಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದ ವಾರ ಅದು.
ಬೆಳಗ್ಗೆ ದೊಡ್ಡಮ್ಮ ‘ಹೇಮೀ’ ಅಂದಳು.
ಒಂದೇ ಸಲಕ್ಕೆ. ತಡವರಿಸದೆ.
ನಾನು ಏಳಲಿಲ್ಲ,
ನನ್ನ ಸರದಿ ಇನ್ನೂ ಬಂದಿಲ್ಲವೆಂದು ಕೂತೇ ಇದ್ದೆ.
ಜವರಿ ಬರಲಿಲ್ಲ. ಕೆಂಪಿ ಬರಲಿಲ್ಲ.
ಎಮ್ಮೆ ಕೂಡ ಬರಲಿಲ್ಲ.
ಕಾಫಿಗೆ ಕೆನೆ ಕಟ್ಟಿತು.

‘ಜವರಮ್ಮ ನಿನ್ನಷ್ಟೇ ಎತ್ತರ ಇದ್ಲಾ ದೊಡ್ಡಮ್ಮಾ?’
‘ಯಾವ ಜವರಿ?’ ಅಂದಳು,
ಸೆರಗಿನ ತುದಿಯಿಂದ ಲೋಟದ ತಳ ಒರೆಸುತ್ತ.

ಆ ರಾತ್ರಿ ಕೆಲಸವೇನೂ ಇರಲಿಲ್ಲ.
ಆದರೂ ಡಿಲೀಟ್ ಕುಟ್ಟಿ ನೀಲಿ ಪರದೆಗೆ ಹೋದೆ.
ಬಾಣ ಕೆಳಗೆ, ಬಾಣ ಕೆಳಗೆ,
ಅಲ್ತಾಫ್ ಬೇಡವೆಂದ ಸಾಲನ್ನು ಹುಡುಕಿ
ಪ್ಲಸ್, ಪ್ಲಸ್, ಪ್ಲಸ್,
ಎಲ್ಲರಿಗಿಂತ ಮೇಲೆ ಕೂರಿಸಿದೆ.
ಎಫ್ ಹತ್ತು. ವೈ.

ಈಗ ಬೆಳಗಾದರೆ ಅದು
ರಟ್ಟು ಮುಚ್ಚಿದ ಬಾಯಿಯ ಬಳಿ ಒಂದು ಗಳಿಗೆ ನಿಂತು ಕೂಗುತ್ತದೆ.
ಯಾರೂ ಓಗೊಡುವುದಿಲ್ಲ.
‘ಮುಂದುವರಿಯಲು ಎಫ್ ಒಂದು ಒತ್ತಿ’ ಎನ್ನುತ್ತದೆ.

ಒತ್ತುತ್ತೇನೆ,
ಸ್ವಲ್ಪ ತಡೆದು.